ಸಾಫ್ಟ್‌ವೇರ್ ಆಮೇಲೆ, ಮೊದಲು ಯಾರ ದನಿ ಹೇಳಿ

ನಮ್ಮ ಸೀಮೆಯ ಹುಡುಗರು ಮ್ಯೂಸಿಕ್ ಸಾಫ್ಟ್‌ವೇರ್ ಆರಿಸುವುದು ಸಿನಿಮಾ ನೋಡಿ ಬೈಕ್ ಆರಿಸಿದ ಹಾಗೆ. ಹೀರೊ ಓಡಿಸಿದ್ದೇ ತನಗೂ ಬೇಕು. ತನ್ನೂರಿನ ರಸ್ತೆ ಎಂಥದ್ದು, ಪೆಟ್ರೋಲ್ ಹಾಕಿಸುವವರು ಯಾರು ಅನ್ನುವುದು ಆಮೇಲಿನ ಮಾತು. ಯಾವ ಸಂಗೀತ ನಿರ್ದೇಶಕ ಯಾವ ಸಾಫ್ಟ್‌ವೇರ್ ಬಳಸುತ್ತಾರೆ ಅಂತ ಬಾಯಿಪಾಠ ಒಪ್ಪಿಸುತ್ತಾರೆ. ನೀನು ಮಾಡಬೇಕಾದ ಹಾಡು ಯಾವುದಪ್ಪ ಅಂತ ಕೇಳಿದರೆ ಮುಖ ನೋಡುತ್ತಾರೆ.

ನಾನು ನಾಟಕದ ಹಾರ್ಮೋನಿಯಂ ಮೇಷ್ಟ್ರು. ಊರು ಮಧುಗಿರಿ. ಸುಗ್ಗಿ ಮುಗಿದ ಮೇಲೆ ಕುರುಕ್ಷೇತ್ರ ಕಲಿಸಲು ಹಳ್ಳಿ ಹಳ್ಳಿ ಸುತ್ತುತ್ತೇನೆ. ದುರ್ಯೋಧನನ ಪಾರ್ಟಿಗೆ ದುಡ್ಡು ಕೊಟ್ಟ ಗೌಡರಿಗೆ ಶ್ರುತಿ ಹಿಡಿಸುವುದೇ ಒಂದು ಯುದ್ಧ. ನಾಟಕ ಇಲ್ಲದ ತಿಂಗಳುಗಳಲ್ಲಿ ಮನೆಯ ಹಿಂದಿನ ಕೋಣೆಗೆ ಕರಿ ಕಂಬಳಿ ಇಳಿಬಿಟ್ಟು ಭಜನೆ ಮಂಡಳಿಯವರ ಹಾಡು, ಜಾತ್ರೆಯ ಪ್ರಕಟಣೆ, ರಂಗಗೀತೆ ರೆಕಾರ್ಡ್ ಮಾಡಿಕೊಡುತ್ತೇನೆ. ಹಾಗಾಗಿ ಶಿರಾ, ಕೊರಟಗೆರೆ, ಪಾವಗಡದ ಕಡೆಯಿಂದಲೂ ಹುಡುಗರು ಬರುತ್ತಾರೆ. ‘ಮೇಷ್ಟ್ರೇ, ಯಾವ ಸಾಫ್ಟ್‌ವೇರ್ ಹಾಕ್ಕೊಳ್ಳಲಿ?’ ಇದೊಂದೇ ಪ್ರಶ್ನೆ. ನನ್ನ ಉತ್ತರವೂ ಒಂದೇ: ಮೊದಲು ಯಾರ ದನಿ ಹಿಡಿಯಬೇಕು ಅಂತಿದ್ದೀಯ ಹೇಳು, ಸಾಫ್ಟ್‌ವೇರ್ ಯಾವುದೆಂದು ಅದೇ ಹೇಳುತ್ತದೆ.

ಹಾಡುಗಾರಿಕೆಗೆ ಬೇಕಾದ ಪರಿಕರ ಇಷ್ಟು ಅಗ್ಗವಾಗಿ ಹಿಂದೆ ಎಂದೂ ಸಿಕ್ಕಿರಲಿಲ್ಲ. ಕ್ಯಾಸೆಟ್ ಕಾಲದಲ್ಲಿ ಒಂದು ಭಕ್ತಿಗೀತೆಯ ಕ್ಯಾಸೆಟ್ ತರಬೇಕೆಂದರೆ ಬೆಂಗಳೂರಿನ ಸ್ಟುಡಿಯೊಗೆ ಗಂಟೆ ಲೆಕ್ಕದಲ್ಲಿ ಬಾಡಿಗೆ ಕಟ್ಟಬೇಕಿತ್ತು. 1987ರಲ್ಲಿ ‘ಪ್ರೇಮಲೋಕ’ ಬಂದಾಗ ಹಂಸಲೇಖರ ಹಾಡುಗಳನ್ನು ಕೇಳಿ ಬೆರಗಾದ ನಮಗೆ, ಅಂಥ ದನಿ ಕಟ್ಟುವ ಯಂತ್ರಗಳು ಯಾವುದೋ ಬೇರೆ ಲೋಕದವು ಅನ್ನಿಸಿತ್ತು. ಈಗ ಅವಕ್ಕಿಂತ ಹೆಚ್ಚು ಟ್ರ್ಯಾಕುಗಳನ್ನು ಒಂದು ಹಳೇ ಲ್ಯಾಪ್‌ಟಾಪ್ ಹೊರುತ್ತದೆ. ಬೆಂಗಳೂರಿನಲ್ಲೇ ಇರಬೇಕೆಂಬ ಮಾತೂ ಹೋಯಿತು. ‘ಕೆಜಿಎಫ್’ಗೆ ಸಂಗೀತ ಕೊಟ್ಟ ರವಿ ಬಸ್ರೂರು ಕುಂದಾಪುರ ತಾಲ್ಲೂಕಿನ ತಮ್ಮೂರಲ್ಲೇ ಸ್ಟುಡಿಯೊ ಕಟ್ಟಿಕೊಂಡಿದ್ದಾರೆ. ಇದನ್ನು ಹೇಳಿದ ಕೂಡಲೇ ಹುಡುಗರು ಕೇಳುವುದು, ಅವರ ಸ್ಟುಡಿಯೊದಲ್ಲಿ ಯಾವ ಸಾಫ್ಟ್‌ವೇರ್ ಇದೆ ಅಂತ! ಅವರು ತಮ್ಮೂರಲ್ಲೇ ಕೂತು ಕೆಲಸ ಮಾಡುತ್ತಾರೆ ಅನ್ನುವುದು ಕಿವಿಗೇ ಬೀಳುವುದಿಲ್ಲ.

ಶಿರಾ ಕಡೆಯ ಕಾಡುಗೊಲ್ಲರ ಹಟ್ಟಿಯಿಂದ ಡಿಗ್ರಿ ಓದುವ ಹುಡುಗನೊಬ್ಬ ಬಂದಿದ್ದ. ಅವನ ತಾತ ಗಣೆ ಊದುವವರು. ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆ ಕಂಡವರಿಗೆ ಗಣೆ ಏನೆಂದು ಹೇಳಬೇಕಿಲ್ಲ. ಅದು ಉದ್ದನೆಯ ಬಿದಿರಿನ ವಾದ್ಯ. ಊದುತ್ತಾರೆ, ನಿಲ್ಲಿಸಿ ತಮ್ಮ ದೇವರು ಜುಂಜಪ್ಪನ ಕಾವ್ಯ ಹಾಡುತ್ತಾರೆ, ಮತ್ತೆ ಊದುತ್ತಾರೆ. ಆ ಹಾಡಿಗೆ ನಿಮಿಷದ ಲೆಕ್ಕ ಇಲ್ಲ, ರಾತ್ರಿಯ ಲೆಕ್ಕ. ಹುಡುಗನ ಲ್ಯಾಪ್‌ಟಾಪಿನಲ್ಲಿ ಯಾರೋ ಎಫ್‌ಎಲ್ ಸ್ಟುಡಿಯೊ ಹಾಕಿಕೊಟ್ಟಿದ್ದರು. ಒಳ್ಳೆಯ ಸಾಫ್ಟ್‌ವೇರೇ. ಬೆಲ್ಜಿಯಂನ ಇಮೇಜ್‌ಲೈನ್ ಕಂಪನಿಯದು, ಮೊದಲ ಹೆಸರು ಫ್ರೂಟಿಲೂಪ್ಸ್. ಹೆಸರಿನಲ್ಲೇ ಲೂಪ್ ಇದೆ, ಅಂದರೆ ಸುತ್ತಿ ಸುತ್ತಿ ಬರುವ ತುಣುಕು. ಸಾಲಾಗಿ ಚೌಕ ಒತ್ತಿ ಬೀಟ್ ಕಟ್ಟುವುದಕ್ಕೆಂದೇ ಹುಟ್ಟಿದ್ದು. ರಾತ್ರಿಯಿಡೀ ಒಮ್ಮೆಯೂ ಒಂದೇ ಥರ ಸುತ್ತಿ ಬರದ ಗಣೆಯನ್ನು ಅಲ್ಲಿ ಕೂರಿಸಿದರೆ ಗಣೆಗೂ ಹಿಂಸೆ, ಹುಡುಗನಿಗೂ ಹಿಂಸೆ.

ಅವನಿಗೆ ಬೇಕಾಗಿದ್ದು ಬೀಟ್ ಕಟ್ಟುವ ಸಾಧನ ಅಲ್ಲ, ದನಿ ಹಿಡಿದು, ಕತ್ತರಿಸಿ, ಕಾಪಾಡುವ ಸಾಧನ. ಅದಕ್ಕೆ ಅಡಾಸಿಟಿ ಸಾಕು. ಅಮೆರಿಕದ ಕಾರ್ನಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿ 2000ದಲ್ಲಿ ಹೊರಬಂದ ಸಾಫ್ಟ್‌ವೇರ್ ಇದು. ಪೂರ್ತಿ ಉಚಿತ, ಹಳೇ ಕಂಪ್ಯೂಟರಿನಲ್ಲೂ ಓಡುತ್ತದೆ. ಲೆಕ್ಕ ನೋಡಿ: ಸೆಕೆಂಡಿಗೆ 44,100 ಸಲ, 24 ಬಿಟ್‌ನಲ್ಲಿ, ಒಂದೇ ಮೈಕಿನಿಂದ ಹಿಡಿದರೆ ನಿಮಿಷಕ್ಕೆ ಸುಮಾರು 8 ಎಂಬಿ. ತಾತ ಆರು ತಾಸು ಹಾಡಿದರೂ 3 ಜಿಬಿ ದಾಟುವುದಿಲ್ಲ. ಒಂದು ಸಣ್ಣ ಪೆನ್‌ಡ್ರೈವಿನಲ್ಲಿ ಒಂದಿಡೀ ರಾತ್ರಿ ಕೂರುತ್ತದೆ.

ಇಲ್ಲೇ ಒಂದು ಎಚ್ಚರ. ಅಡಾಸಿಟಿಯಲ್ಲಿ ಗದ್ದಲ ತೆಗೆಯುವ ಸೌಲಭ್ಯವಿದೆ. ಬರೀ ಗದ್ದಲ ಇರುವ ತುಣುಕನ್ನು ತೋರಿಸಿದರೆ ಅದನ್ನು ಗುರುತು ಹಿಡಿದುಕೊಂಡು ಉಳಿದ ಕಡೆಯೆಲ್ಲ ಅಂಥದ್ದನ್ನು ತಗ್ಗಿಸುತ್ತದೆ. ಫ್ಯಾನಿನ ಸದ್ದಿಗೆ ಸರಿ. ಗಣೆಯಲ್ಲಾದರೋ ಸ್ವರದ ಜೊತೆಗೇ ಉಸಿರೂ ಬರುತ್ತದೆ. ಸಾಫ್ಟ್‌ವೇರಿಗೆ ಆ ಉಸಿರೂ ಗದ್ದಲವೇ. ಜಾಸ್ತಿ ಎಳೆದರೆ ತಾತನ ಉಸಿರು ಹೋಗಿ ಪ್ಲಾಸ್ಟಿಕ್ ಪೀಪಿಯ ದನಿ ಉಳಿಯುತ್ತದೆ. ಸ್ವರ ತಿದ್ದುವ ಆಟೊಟ್ಯೂನ್ ಅಂತೂ ಇಲ್ಲಿ ಮುಟ್ಟಲೇಬಾರದು. ಸಪ್ತಕವನ್ನು ಸಮವಾಗಿ 12 ಪಾಲು ಮಾಡಿದ ಪಿಯಾನೊ ಮನೆಗಳ ಲೆಕ್ಕ ಅದರದು. ಗಣೆಯ ಸ್ವರ ಆ ಮನೆಗಳ ನಡುವೆ ಎಲ್ಲೋ ನಿಂತಿರುತ್ತದೆ, ನಿಲ್ಲಬೇಕಾದ್ದೂ ಅಲ್ಲೇ.

ಪಾವಗಡದ ಹುಡುಗನ ಕಥೆ ಬೇರೆ. ಆಂಧ್ರದ ನೆಲ ಬಹುತೇಕ ಸುತ್ತುವರಿದ ತಾಲ್ಲೂಕು, ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಇವನು ಎರಡನ್ನೂ ಬೆರೆಸಿ ರ‍್ಯಾಪ್ ಕಟ್ಟುತ್ತಾನೆ. ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಎದ್ದಿದೆಯಲ್ಲ, ಕಡಲೆಕಾಯಿ ಬೆಳೆಯುತ್ತಿದ್ದ ಅಪ್ಪನ ಹೊಲವೂ ಗುತ್ತಿಗೆಗೆ ಹೋಗಿ ಆ ಫಲಕಗಳ ಕೆಳಗಿದೆ. ಅದರ ಮೇಲೇ ಅವನ ಹಾಡು. ಅದಕ್ಕೆ ಉರುಮೆಯ ಬಡಿತ ಬೇಕಂತೆ. ನಾನು ಖುಷಿಯಾಗಿ ಎಫ್‌ಎಲ್ ಸ್ಟುಡಿಯೊದತ್ತ ಕೈ ತೋರಿಸಿದ್ದು ಇವನಿಗೆ. ನಾಲ್ಕು ಬಡಿತ ಹಿಡಿದು, ತುಂಡು ಮಾಡಿ, ಚೌಕಗಳಿಗೆ ಜೋಡಿಸುವ ಕೆಲಸಕ್ಕೆ ಅದು ಹೇಳಿ ಮಾಡಿಸಿದ್ದು. ಅದರ ಪ್ರಯೋಗದ ಆವೃತ್ತಿಗೆ ದಿನದ ಮಿತಿ ಇಲ್ಲ, ಹಾಡು ಮಾಡಿ ಹೊರತೆಗೆಯಬಹುದು. ಆದರೆ ಉಳಿಸಿಟ್ಟ ಕೆಲಸವನ್ನು ದುಡ್ಡು ಕಟ್ಟುವ ತನಕ ಮತ್ತೆ ತೆರೆದು ತಿದ್ದಲು ಬರುವುದಿಲ್ಲ. ಒಮ್ಮೆ ಕೊಂಡರೆ ಮುಂದಿನ ಆವೃತ್ತಿಗಳೆಲ್ಲ ಪುಕ್ಕಟೆ. ಕೆಳಗಿನ ದರದ ಆವೃತ್ತಿಯಲ್ಲಿ ಮೈಕಿನ ದನಿ ಹಿಡಿಯಲು ಎಷ್ಟು ಅವಕಾಶ ಇದೆ ಅಂತ ನೋಡಿಕೊಂಡೇ ದುಡ್ಡು ಕಟ್ಟು ಅಂದೆ. ಅಲ್ಲಿಯ ತನಕ ಫೋನಿನಲ್ಲಿ ಬ್ಯಾಂಡ್‌ಲ್ಯಾಬ್ ಇರಲಿ, ಅದು ಉಚಿತ. ನೆಟ್ ಸಿಗುವ ಜಾಗದಲ್ಲಿ ಕೂತರೆ ಆಯಿತು.

ಉರುಮೆಯ ಮಾತಿಗೆ ಇನ್ನೆರಡು. ಅದರ ಒಂದು ಮುಖವನ್ನು ಬಾಗಿದ ಕಡ್ಡಿಯಿಂದ ಉಜ್ಜುತ್ತಾರೆ, ಇನ್ನೊಂದನ್ನು ಬಡಿಯುತ್ತಾರೆ. ಉಜ್ಜಿದಾಗ ಹೊರಡುವ ಗುಂಯ್ ಅನ್ನುವ ತಗ್ಗಿನ ದನಿ ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಕೇಳಿಸುವುದೇ ಇಲ್ಲ. ಅದರಲ್ಲೇ ಕೇಳಿಕೊಂಡು ಹದ ಮಾಡಿದವನು, ದನಿ ಸಾಲದು ಅಂತ ಏರಿಸುತ್ತಾ ಹೋಗುತ್ತಾನೆ. ಜಾತ್ರೆಯ ದೊಡ್ಡ ಬಾಕ್ಸಿನಲ್ಲಿ ಹಾಕಿದ ದಿನ ಹಾಡಿನ ಮಾತೇ ಮುಳುಗಿಹೋಗುತ್ತದೆ. ಹೆಡ್‌ಫೋನ್, ಫೋನು, ಆಟೋದ ಸ್ಪೀಕರ್ ಮೂರರಲ್ಲೂ ಕೇಳಿಯೇ ಹಾಡನ್ನು ಹೊರಗೆ ಬಿಡಬೇಕು.

ಕೊರಟಗೆರೆ ಕಡೆಯಿಂದ ಬಂದವರು ಭಜನೆಯ ಹೆಂಗಸರು. ಸಿದ್ಧರಬೆಟ್ಟದ ಮೇಲೆ, ಗೊರವನಹಳ್ಳಿ ಲಕ್ಷ್ಮಿಯ ಮೇಲೆ ತಾವೇ ಹಾಡು ಕಟ್ಟಿದ್ದಾರೆ. ‘ಅಣ್ಣಾ, ಒಳ್ಳೇ ಸಾಫ್ಟ್‌ವೇರ್ ಹಾಕಿ ಚೆಂದ ಮಾಡಿಕೊಡಿ’ ಅಂದರು. ಅವರು ಫೋನಿನಲ್ಲಿ ಹಿಡಿದು ತಂದದ್ದನ್ನು ಕೇಳಿದೆ. ಹಾಡು ಚೆಂದವೇ ಇತ್ತು. ಆದರೆ ಕಲ್ಲಿನ ಮಂಟಪದಲ್ಲಿ ಕೂತು ಹಾಡಿದ್ದರಿಂದ ಒಂದು ಮಾತಿನ ಮೇಲೆ ಇನ್ನೊಂದು ಮಾತು ಬಿದ್ದು ಎಲ್ಲ ಕಲಸಿಹೋಗಿತ್ತು. ಇದನ್ನು ಬಿಡಿಸುವುದು ಲಕ್ಷ ರೂಪಾಯಿಯ ಸಾಫ್ಟ್‌ವೇರಿಗೂ ಕಷ್ಟ. ‘ಸಾಫ್ಟ್‌ವೇರ್ ಬೇಡಕ್ಕ, ಜಾಗ ಬದಲಿಸಿ’ ಅಂದೆ. ಹಾಸಿಗೆ, ಬಟ್ಟೆಬರೆ ತುಂಬಿದ ಕೋಣೆಯಲ್ಲಿ ಕೂರಿ. ಫೋನನ್ನು ಮುಖ್ಯ ಗಾಯಕಿಯ ಮುಂದೆ ಒಂದು ಮೊಳ ದೂರ ಇಡಿ, ತಾಳದವರು ಹಿಂದೆ ಸರಿಯಲಿ. ಹಿಡಿದದ್ದನ್ನು ನನಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಮಾಡಿ ಕಳಿಸಿ, ಇಲ್ಲದಿದ್ದರೆ ದಾರಿಯಲ್ಲೇ ದನಿ ಹಿಂಡಿಹೋಗಬಹುದು. ಇಷ್ಟಕ್ಕೇ ಮುಕ್ಕಾಲು ಪಾಲು ಕೆಲಸ ಮುಗಿಯಿತು.

ನನ್ನ ಸ್ವಂತ ಕೆಲಸಕ್ಕೆ ನಾನು ಬಳಸುವುದು ರೀಪರ್. ಒಂದು ಕಾಲಕ್ಕೆ ಎಲ್ಲರ ಕಂಪ್ಯೂಟರಿನಲ್ಲಿದ್ದ ವಿನ್‌ಆ್ಯಂಪ್ ಮಾಡಿದ ಜಸ್ಟಿನ್ ಫ್ರಾಂಕಲ್ ಅವರ ಕೈಕೆಲಸ. ಇಳಿಸಿಕೊಳ್ಳಲು ಕೆಲವೇ ಎಂಬಿ. 60 ದಿನ ಯಾವ ಕಟ್ಟುಪಾಡೂ ಇಲ್ಲದೆ ಬಳಸಬಹುದು, ಆಮೇಲೆ ನನ್ನಂಥ ಸಣ್ಣ ಕೆಲಸದವರಿಗೆ 60 ಡಾಲರ್, ಅಂದರೆ ಐದು ಸಾವಿರ ರೂಪಾಯಿ ಆಸುಪಾಸು. ಒಂದು ನಾಟಕದ ಹಾರ್ಮೋನಿಯಂ ಕೂಲಿಯಲ್ಲಿ ತೀರುವ ಮೊತ್ತ. ಅದರಲ್ಲಿ ಬಣ್ಣ ಬಣ್ಣದ ವಾದ್ಯಗಳು ತುಂಬಿಕೊಂಡು ಬರುವುದಿಲ್ಲ. ನನ್ನ ಹತ್ತಿರ ಹಾರ್ಮೋನಿಯಂ ಇದೆ, ತಬಲದವನಿದ್ದಾನೆ, ನನಗೆ ಅದು ಕೊರತೆಯಲ್ಲ. ಕೀಬೋರ್ಡ್ ನುಡಿಸುವವರು ಬಂದರೆ ಮೊದಲು ಕೀಬೋರ್ಡಿನ ಡಬ್ಬಿ ತಡಕಿ ನೋಡಿ ಅನ್ನುತ್ತೇನೆ. ಕ್ಯೂಬೇಸ್ ಸಾಫ್ಟ್‌ವೇರ್ ಮಾಡುವ ಸ್ಟೈನ್‌ಬರ್ಗ್ ಈಗ ಯಮಹಾದವರದು. ಹಲವು ಯಮಹಾ ಉಪಕರಣಗಳ ಜೊತೆ ಕ್ಯೂಬೇಸ್ ಎಐ ಲೈಸೆನ್ಸ್ ಸುಮ್ಮನೆ ಬಂದಿರುತ್ತದೆ, ಡಬ್ಬಿಯಲ್ಲೇ ಕೊಳೆಯುತ್ತಿರುತ್ತದೆ. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಆಡಿಯೊ ಇಂಟರ್‌ಫೇಸ್ ಕೊಂಡವರಿಗೆ ಏಬಲ್‌ಟನ್ ಲೈವ್ ಲೈಟ್ ಸಿಕ್ಕಿರುವುದೂ ಉಂಟು. ಲಾಜಿಕ್ ಬೇಕೇ ಬೇಕು ಅನ್ನುವವನಿಗೆ ಒಂದೇ ಮಾತು: ಅದು ಆಪಲ್ ಸಾಧನದಲ್ಲಿ ಮಾತ್ರ ಓಡುತ್ತದೆ, ನಿನ್ನ ಹತ್ತಿರ ಇದೆಯಾ?

ಆರಿಸಿದ ಮೇಲೆ ಕಲಿಯುವ ಮಾತು. ಯೂಟ್ಯೂಬಿನ ಪಾಠಗಳು ಬೇಕಾದಷ್ಟಿವೆ. ಅವುಗಳಲ್ಲಿ ಬಹುಪಾಲು ಹಿಂದಿ, ಇಂಗ್ಲಿಷಿನವು, ಕಲಿಸುವುದೂ ಡ್ಯಾನ್ಸ್ ಹಾಡು ಕಟ್ಟುವುದನ್ನೇ. ಹೊಸ ಕೆಲಸ ತೆರೆದ ಕೂಡಲೇ ರೀಪರಾಗಲಿ ಏಬಲ್‌ಟನ್ ಆಗಲಿ ನಿಮಿಷಕ್ಕೆ 120 ಬಡಿತ, ನಾಲ್ಕರ ಎಣಿಕೆ ಅಂತ ತಾನೇ ಗೆರೆ ಎಳೆದುಕೊಂಡು ಕೂರುತ್ತದೆ. ನಮ್ಮ ರಂಗಗೀತೆಯ ಮಟ್ಟು ರೂಪಕದಲ್ಲಿರಬಹುದು, ಮಿಶ್ರಛಾಪುವಿನ ಏಳರಲ್ಲಿರಬಹುದು. ಕಂದ ಹೇಳುವಾಗ ತಾಳವೇ ಇರುವುದಿಲ್ಲ. ಆ ಎರಡು ಅಂಕಿಗಳನ್ನು ಬದಲಿಸುವುದು, ಬೇಡವಾದಾಗ ಗೆರೆಗೆ ಅಂಟಿಕೊಳ್ಳುವ ಸ್ನ್ಯಾಪ್ ಗುಂಡಿಯನ್ನು ಆಫ್ ಮಾಡುವುದು, ನಮ್ಮವರ ಮೊದಲ ಪಾಠ ಇದಾಗಬೇಕು. ಇದು ಗೊತ್ತಿಲ್ಲದ ಹುಡುಗ ಅಜ್ಜಿಯ ಹಾಡನ್ನು ಎಳೆದು ಎಳೆದು ನಾಲ್ಕಕ್ಕೆ ಕೂರಿಸಿ, ‘ಅಜ್ಜಿಗೆ ತಾಳ ಬರಲ್ಲ’ ಅನ್ನುತ್ತಾನೆ.

ಎರಡನೆಯದು ಶ್ರುತಿ. ಹಾರ್ಮೋನಿಯಂನ ಕಪ್ಪು ಒಂದು ಅಂದರೆ ಸಾಫ್ಟ್‌ವೇರಿನಲ್ಲಿ ಸಿ ಶಾರ್ಪ್. ಅಷ್ಟು ಗೊತ್ತಾದರೆ ಅರ್ಧ ಭಯ ಹೋಗುತ್ತದೆ. ಆದರೆ ಹಳೇ ಹಾರ್ಮೋನಿಯಂಗಳು ಕೂದಲೆಳೆಯಷ್ಟು ಏರಿರುತ್ತವೆ, ಇಲ್ಲವೇ ಇಳಿದಿರುತ್ತವೆ. ಕಂಪ್ಯೂಟರಿನ ವಾದ್ಯವನ್ನು ಅದರ ಪಕ್ಕ ಇಟ್ಟರೆ ಕಚ್ಚಾಟ. ಮೊದಲು ಹಾರ್ಮೋನಿಯಂನ ಸಾ ಹಿಡಿದು, ಟ್ಯೂನರಿನಲ್ಲಿ ವ್ಯತ್ಯಾಸ ಓದಿ, ಕಂಪ್ಯೂಟರಿನ ವಾದ್ಯವನ್ನು ಅಷ್ಟೇ ಸರಿಸಿ. ಯಂತ್ರ ಮನುಷ್ಯನಿಗೆ ಹೊಂದಿಕೊಳ್ಳಲಿ.

ಮೂರನೆಯದು ತಡ. ಹಾಡುವವರು ತಮ್ಮ ದನಿಯನ್ನು ಹೆಡ್‌ಫೋನಿನಲ್ಲಿ ತಡವಾಗಿ ಕೇಳಿ ತಬ್ಬಿಬ್ಬಾಗುತ್ತಾರೆ. ಕಂಪ್ಯೂಟರ್ ದನಿಯ ತುಣುಕುಗಳನ್ನು ಕೂಡಿಹಾಕಿಕೊಂಡು ಆಮೇಲೆ ಕೊಡುವುದೇ ಇದಕ್ಕೆ ಕಾರಣ. ಆ ಬಫರ್ 1,024 ತುಣುಕಿನದಾದರೆ ಒಂದು ದಾರಿಗೇ ಸುಮಾರು 23 ಮಿಲಿಸೆಕೆಂಡ್, 128ಕ್ಕೆ ಇಳಿಸಿದರೆ 3. ಹಾಡಿಸುವಾಗ ಇಳಿಸಿ, ಕೊನೆಗೆ ಹದ ಮಾಡುವಾಗ ಏರಿಸಿ, ಇಲ್ಲದಿದ್ದರೆ ಹಳೇ ಲ್ಯಾಪ್‌ಟಾಪ್ ಚಟಪಟ ಅನ್ನುತ್ತದೆ. ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲದ ನಮ್ಮ ಕಡೆ ತಾನಾಗಿ ಉಳಿಸಿಕೊಳ್ಳುವ ಸೌಲಭ್ಯವನ್ನು ಮೊದಲ ದಿನವೇ ಚಾಲೂ ಮಾಡಿಡಿ.

ಹಿಡಿಯುವುದು, ಕತ್ತರಿಸುವುದು, ಒಂದಕ್ಕೊಂದು ಹದ ಮಾಡುವುದು, ಹೊರತೆಗೆಯುವುದು. ಆರಂಭಕ್ಕೆ ಇಷ್ಟೇ ವಿದ್ಯೆ. ಇದನ್ನು ಕಲಿಯುವ ದಾರಿಯೂ ಒಂದೇ, ಒಂದು ಹಾಡು ಮುಗಿಸುವುದು. ಅರ್ಧ ಮಾಡಿಟ್ಟ ಬೀಟುಗಳನ್ನು ಫೋಲ್ಡರ್ ತುಂಬಾ ಇಟ್ಟುಕೊಂಡವರು, ಆಗಲೇ ಮೂರು ಸಾಫ್ಟ್‌ವೇರ್ ಬದಲಿಸಿದವರು ನನ್ನ ಕೋಣೆಗೆ ಬರುತ್ತಲೇ ಇರುತ್ತಾರೆ. ಅಡಾಸಿಟಿಯೊಂದರಲ್ಲೇ ಸೋಬಾನೆ ಪದ ಒಂದನ್ನು ಪೂರ್ತಿ ಮುಗಿಸಿದ ಹುಡುಗಿಗೆ ಇವರೆಲ್ಲರಿಗಿಂತ ಹೆಚ್ಚು ಗೊತ್ತಿರುತ್ತದೆ.

ಕೆಲವರಿಗೆ ಕಹಿ ಅನ್ನಿಸುವ ಎರಡು ಮಾತು ಹೇಳಲೇಬೇಕು. ಮೊದಲನೆಯದು ‘ಕ್ರ್ಯಾಕ್’. ಪೆನ್‌ಡ್ರೈವಿನಲ್ಲಿ ಕೈಯಿಂದ ಕೈಗೆ ಹೋಗುವ ಕದ್ದ ಸಾಫ್ಟ್‌ವೇರನ್ನು ನಮ್ಮ ಹುಡುಗರು ಕಳ್ಳತನ ಅಂತ ಎಣಿಸುವುದೇ ಇಲ್ಲ. ಅದರ ಜೊತೆ ವೈರಸ್ ಬಂದು ಕೆಲಸವೆಲ್ಲ ಕೈತಪ್ಪಿಹೋಗಬಹುದು ಅನ್ನುವುದು ಒಂದು. ತನ್ನ ಹಾಡನ್ನು ಬೇರೆಯವರು ಎತ್ತಿಕೊಂಡರೆ ಕೇಸು ಹಾಕುತ್ತೇನೆ ಅನ್ನುವವನೇ ಇನ್ನೊಬ್ಬನ ಕೆಲಸವನ್ನು ಎತ್ತಿಕೊಂಡು ಕೂತಿದ್ದಾನೆ ಅನ್ನುವುದು ಅದಕ್ಕಿಂತ ದೊಡ್ಡದು. ಬಡತನ ಅನ್ನುವ ನೆಪಕ್ಕೂ ಈಗ ಜಾಗ ಇಲ್ಲ. ಉಚಿತವಾದ ಒಳ್ಳೆಯ ಸಾಫ್ಟ್‌ವೇರುಗಳು ಇವೆ ಅಂತ ಮೇಲೇ ಹೇಳಿದೆ.

ಎರಡನೆಯದು ದನಿಯ ಒಡೆತನ. ಜನಪದ ಹಾಡಿಗೆ ಡಿಜೆ ಬೀಟ್ ಸೇರಿಸಿ ಗಣೇಶನ ಮೆರವಣಿಗೆಗೆ ಬಿಡುತ್ತಾರೆ. ಪರದೆಯ ಮೇಲೆ ಡಿಜೆಯ ಹೆಸರು ದಪ್ಪಕ್ಷರದಲ್ಲಿ ಇರುತ್ತದೆ, ಹಾಡಿದ ಅಜ್ಜಿಯ ಹೆಸರು ಎಲ್ಲೂ ಇರುವುದಿಲ್ಲ. ಜುಂಜಪ್ಪ ಹಟ್ಟಿಯವರಿಗೆ ದೇವರು. ಗಣೆಯ ದನಿಯನ್ನು ಎಲ್ಲಿ ಬಳಸಬಹುದು, ಎಲ್ಲಿ ಕೂಡದು ಎಂದು ಹಟ್ಟಿಯ ಹಿರಿಯರನ್ನು ಕೇಳದೆ ಮುಂದೆ ಹೋಗಬಾರದು. ಶಿರಾದ ಹುಡುಗನಿಗೆ ಮೈಕ್ ಕೊಡುವ ಮೊದಲು ನಾನು ಹಾಕಿದ ಷರತ್ತು ಅದೊಂದೇ. ಅವನ ತಾತ ಕೆಲವು ಭಾಗ ಹಿಡಿಯಬಹುದು ಅಂದರು, ಕೆಲವು ಬೇಡ ಅಂದರು. ಬೇಡ ಅಂದ ಕಡೆ ಮೈಕ್ ಆಫ್.

ಎರಡು ಸಾಲು ಟೈಪು ಮಾಡಿದರೆ ಪೂರ್ತಿ ಹಾಡೇ ಕೊಡುವ ಎಐ ಬಂದಿದೆ, ಇದೆಲ್ಲ ಯಾಕೆ ಕಲಿಯಬೇಕು ಅನ್ನುವವರಿಗೂ ನನ್ನ ಉತ್ತರ ಈ ಹಟ್ಟಿಯಲ್ಲೇ ಇದೆ. ಆ ಯಂತ್ರ ಕೇಳಿದ್ದನ್ನು ಬೆರೆಸಿ ಕೊಡುತ್ತದೆ. ಯಾರೂ ಹಿಡಿಯದ ದನಿಯನ್ನು ಅದು ಎಲ್ಲಿಂದ ತಂದೀತು?

ಕೊನೆಗೆ, ಅಧಿಕಾರದಲ್ಲಿರುವವರಿಗೆ ಒಂದು ಬೇಡಿಕೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳಿಗೆ ಕಂದಾಯದ ಲೆಕ್ಕದಲ್ಲಿ ತುಮಕೂರೇ ಜಿಲ್ಲೆ. ಶಾಲೆಯ ಲೆಕ್ಕದಲ್ಲಿ ನಾಲ್ಕೂ ಸೇರಿ ಮಧುಗಿರಿ ಅನ್ನುವ ಬೇರೆಯೇ ಶೈಕ್ಷಣಿಕ ಜಿಲ್ಲೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ನಮ್ಮ ಸ್ಥಾನ ಎಷ್ಟು ಅಂತ ಪ್ರತ್ಯೇಕವಾಗಿ ಓದುತ್ತೇವೆ, ಕಡಿಮೆಯಾದರೆ ಪ್ರತ್ಯೇಕವಾಗಿ ಬೈಸಿಕೊಳ್ಳುತ್ತೇವೆ. ಒಬ್ಬ ಉಪನಿರ್ದೇಶಕರು, ಅವರ ಕೈಕೆಳಗೆ ನಾಲ್ಕು ತಾಲ್ಲೂಕಿನ ಶಿಕ್ಷಣಾಧಿಕಾರಿಗಳು. ಒಂದು ಹೊಸ ಕೆಲಸ ಪ್ರಯೋಗಕ್ಕೆ ಶುರು ಮಾಡಲು ಇದಕ್ಕಿಂತ ಹದವಾದ ಗಾತ್ರ ಇನ್ನೆಲ್ಲಿ ಸಿಗುತ್ತದೆ? ಕಂಪ್ಯೂಟರ್ ಲ್ಯಾಬ್ ಇರುವ ಪ್ರೌಢಶಾಲೆಗಳಲ್ಲಿ ಅಡಾಸಿಟಿ ಹಾಕಿಸಲಿ. ಶಾಲೆಗೊಂದು ಯುಎಸ್‌ಬಿ ಮೈಕ್, ಒಂದು ಹೆಡ್‌ಫೋನ್ ಕೊಡಿಸಲಿ, ಕೆಲವೇ ಸಾವಿರ ರೂಪಾಯಿಯ ಮಾತು. ಲ್ಯಾಬ್ ಇಲ್ಲದ ಊರಿನಲ್ಲಿ ಕಂಪ್ಯೂಟರ್ ಇರುವ ಗ್ರಾಮ ಪಂಚಾಯಿತಿ ಅರಿವು ಕೇಂದ್ರವೂ ಆದೀತು.

ಪ್ರತಿಭಾ ಕಾರಂಜಿಯಲ್ಲಿ ಮಕ್ಕಳು ಜನಪದ ಗೀತೆ ಹಾಡುತ್ತಾರೆ. ಹೆಚ್ಚಿನವರು ಹಾಡುವುದು ಟೀಚರ್ ಯೂಟ್ಯೂಬಿನಿಂದ ಕಲಿಸಿದ ಅದದೇ ನಾಲ್ಕೈದು ಹಾಡು. ಅದರ ಪಕ್ಕದಲ್ಲೇ ಇನ್ನೊಂದು ಸ್ಪರ್ಧೆ ಇಡಲಿ. ತನ್ನೂರಿನ ಒಬ್ಬರ ದನಿಯನ್ನು ಅವರ ಒಪ್ಪಿಗೆಯಿಂದ ಹಿಡಿದು, ಹದ ಮಾಡಿ, ಅವರ ಹೆಸರು, ಊರು, ದಿನಾಂಕ ಬರೆದು ಐದು ನಿಮಿಷದ ಫೈಲ್ ತರಬೇಕು. ಬಹುಮಾನ ಮಗುವಿಗೂ ಸಿಗಲಿ, ಹಾಡಿದವರಿಗೂ ಸಿಗಲಿ. ಒಂದು ವರ್ಷ ನಡೆಸಿದರೆ ಈ ಶೈಕ್ಷಣಿಕ ಜಿಲ್ಲೆಗೆ ತನ್ನದೇ ದನಿಯ ಭಂಡಾರ ಇರುತ್ತದೆ, ಅದನ್ನು ಕಟ್ಟಲು ಬಲ್ಲ ಮಕ್ಕಳೂ ಇರುತ್ತಾರೆ. ಅವರಲ್ಲಿ ಯಾರಾದರೂ ಮುಂದೆ ಸಿನಿಮಾಕ್ಕೆ ಹೋದರೆ ಸಂತೋಷ. ಹೋಗದವರೂ ತಮ್ಮೂರಿನ ಜಾತ್ರೆಯ ಹಾಡನ್ನು ಬೆಂಗಳೂರಿಗೆ ಹೊತ್ತುಕೊಂಡು ಹೋಗದೆ ಇಲ್ಲೇ ಮಾಡಿ ಮುಗಿಸುತ್ತಾರೆ. ಉಪನಿರ್ದೇಶಕರು ಒಪ್ಪಿದರೆ ಮೊದಲ ತರಬೇತಿಗೆ ನಾನೇ ಬರುತ್ತೇನೆ. ಸುಗ್ಗಿ ಮುಗಿದ ಮೇಲೆ ಮಾತ್ರ ಕರೆಯಬೇಡಿ, ಆಗ ನನಗೆ ದುರ್ಯೋಧನರ ಕಾಟ.